ಭಾರಿ ಆಟಗಳಿಗೆ ಎಷ್ಟು ರ‍್ಯಾಮ್ ಬೇಕು: 16 ಜಿಬಿ ಸಾಕೇ, 32 ಬೇಕೇ?

ಬಿಸಿಲೂರ_ಹುಡುಗ (ಕಲಬುರಗಿ)

ಎಲ್ಲರಿಗೂ ನಮಸ್ಕಾರ. ಎಂಜಿನಿಯರಿಂಗ್ ಕೊನೆಯ ವರ್ಷದಲ್ಲಿದ್ದೇನೆ, ಮನೆ ಜೇವರ್ಗಿ ಕಾಲೋನಿಯ ಕಡೆ. ನನ್ನ ಕಂಪ್ಯೂಟರಿನಲ್ಲಿ ರೈಜನ್ 5 5600 ಪ್ರೊಸೆಸರ್, ಎ520 ಮದರ್‌ಬೋರ್ಡ್, 8 ಜಿಬಿಯ ಆರ್‌ಎಕ್ಸ್ 6600 ಗ್ರಾಫಿಕ್ಸ್ ಕಾರ್ಡ್ ಇವೆ. ರ‍್ಯಾಮ್ (ಓಡುತ್ತಿರುವ ಪ್ರೋಗ್ರಾಮುಗಳ ದತ್ತಾಂಶ ಕೂರುವ ಮೆಮೊರಿ) ಮಾತ್ರ 8 ಜಿಬಿ, ಡಿಡಿಆರ್4 ಪೀಳಿಗೆಯ ಒಂದೇ ಸ್ಟಿಕ್. ಬೋರ್ಡಿನಲ್ಲಿ ಸ್ಟಿಕ್ ಕೂರಿಸಲು ಎರಡೇ ಸ್ಲಾಟ್. ವಿಂಡೋಸ್ ಎಸ್‌ಎಸ್‌ಡಿಯಲ್ಲಿದೆ (ತಿರುಗುವ ಭಾಗಗಳಿಲ್ಲದ ವೇಗದ ಡಿಸ್ಕ್), ಜೊತೆಗೆ ಹಳೆಯ ಕಂಪ್ಯೂಟರಿನಿಂದ ತೆಗೆದ ಹಾರ್ಡ್ ಡಿಸ್ಕ್ ಒಂದಿದೆ. ಮಾನಿಟರ್ 1080ಪಿ.

ರೆಡ್ ಡೆಡ್ ರಿಡೆಂಪ್ಷನ್ 2 ಆಡುವಾಗ ಬಯಲಿನಲ್ಲಿ ಎಲ್ಲವೂ ಸರಿಯಾಗಿರುತ್ತದೆ. ಕುದುರೆ ಸೇಂಟ್ ಡೆನಿಸ್ ನಗರದೊಳಗೆ ಕಾಲಿಟ್ಟರೆ ಸಾಕು, ಚಿತ್ರ ಅರ್ಧ ಸೆಕೆಂಡು ನಿಂತುಬಿಡುತ್ತದೆ, ಮುಂದೆ ಹೋಗುತ್ತದೆ, ಮತ್ತೆ ನಿಲ್ಲುತ್ತದೆ. ಇನ್ನು ಮುಂದೆ ಸೈಬರ್‌ಪಂಕ್ 2077, ಬ್ಲ್ಯಾಕ್ ಮಿಥ್: ವುಕಾಂಗ್ ಆಡುವ ಆಸೆ ಇದೆ. ಸೂಪರ್ ಮಾರ್ಕೆಟ್ ಕಡೆಯ ಅಂಗಡಿಯೊಂದರಲ್ಲಿ ವಿಚಾರಿಸಿದಾಗ "ಈಗಿನ ಆಟಗಳಿಗೆ 32 ಇಲ್ಲದೆ ಆಗುವುದೇ ಇಲ್ಲ" ಎಂದರು. ಗೆಳೆಯ 16 ಸಾಕು ಎನ್ನುತ್ತಾನೆ. ರ‍್ಯಾಮ್ ಬೆಲೆ ಈಗ ಕೇಳುವ ಹಾಗಿಲ್ಲ. ಮನೆಯಲ್ಲಿ ಒಂದು ಸಲ ಹಣ ಕೇಳಬಹುದು, ಎರಡನೆಯ ಸಲ ಕೇಳಲಾಗದು. ತಿಳಿದವರು ಹೇಳಿ.

ರಿಪೇರಿ_ಮೇಜು (ಕಲಬುರಗಿ)

ತಮ್ಮಾ, ಕೊಳ್ಳುವ ಮೊದಲು ಅಳೆದು ನೋಡು. ಅಂಗಡಿಯವರ ಮಾತು ಬೇಡ, ನನ್ನ ಮಾತೂ ಬೇಡ. ಸಂಖ್ಯೆ ನಿನ್ನ ಕಂಪ್ಯೂಟರಿನಲ್ಲೇ ಇದೆ.

ಆಟ ತೆರೆದು ಸೇಂಟ್ ಡೆನಿಸ್‌ನಲ್ಲಿ ಹತ್ತು ನಿಮಿಷ ಓಡಾಡು. ಚಿತ್ರ ನಿಲ್ಲತೊಡಗಿದಾಗ ಆಟವನ್ನು ಮುಚ್ಚದೆ ಟಾಸ್ಕ್ ಮ್ಯಾನೇಜರ್ ತೆರೆದು ಪರ್ಫಾರ್ಮೆನ್ಸ್ ಪುಟದಲ್ಲಿ ಮೆಮೊರಿ ಒತ್ತು. ಅಲ್ಲಿ "ಇನ್ ಯೂಸ್" ಮತ್ತು "ಕಮಿಟೆಡ್" ಎಂಬ ಎರಡು ಅಂಕಿಗಳಿರುತ್ತವೆ. ಎಲ್ಲರೂ ನೋಡುವುದು ಮೊದಲನೆಯದನ್ನು. ನಿನಗೆ ಬೇಕಾದದ್ದು ಎರಡನೆಯದು. ಇನ್ ಯೂಸ್ ಎಂದರೆ ಈ ಕ್ಷಣ ರ‍್ಯಾಮಿನೊಳಗೆ ಕುಳಿತಿರುವುದು. 8 ಜಿಬಿ ಇದ್ದರೆ ಅದು 8ನ್ನು ದಾಟಲು ಸಾಧ್ಯವೇ ಇಲ್ಲ, ಆದ್ದರಿಂದ ಕೊರತೆ ಎಷ್ಟು ಎಂಬುದನ್ನು ಅದು ಹೇಳುವುದಿಲ್ಲ. ಕಮಿಟೆಡ್ ಎಂದರೆ ಎಲ್ಲ ಪ್ರೋಗ್ರಾಮುಗಳಿಗೂ ಸೇರಿಸಿ ಇಷ್ಟು ಜಾಗ ಕೊಡುತ್ತೇನೆ ಎಂದು ವಿಂಡೋಸ್ ಒಪ್ಪಿಕೊಂಡ ಮೊತ್ತ. ಅದು ರ‍್ಯಾಮಿಗಿಂತ ಬಹಳ ಮೇಲಿದ್ದರೆ ಮಿಕ್ಕದ್ದನ್ನು ಡಿಸ್ಕಿನಲ್ಲಿರುವ ಪೇಜ್ ಫೈಲ್ ಹೊರಬೇಕು.

ನಮ್ಮ ಗಂಜ್‌ನಲ್ಲಿ (ಧಾನ್ಯದ ಮಾರುಕಟ್ಟೆ) ನೋಡಿರುತ್ತೀಯ. ತೊಗರಿ ಚೀಲ ಅಂಗಡಿಯ ಕಟ್ಟೆಯ ಮೇಲಿದ್ದರೆ ತೂಕಕ್ಕೆ ಕೂಡಲೇ ಸಿಗುತ್ತದೆ. ಕಟ್ಟೆ ತುಂಬಿ ಗೋದಾಮಿಗೆ ಹೋದ ಚೀಲವನ್ನು ತರಲು ಹಮಾಲರನ್ನು ಕಳಿಸಬೇಕು, ಅಲ್ಲಿಯವರೆಗೆ ತಕ್ಕಡಿ ಖಾಲಿ.

ಎಷ್ಟು ಹೊತ್ತು ಖಾಲಿ ಎಂದರೆ, ರ‍್ಯಾಮಿನಿಂದ ಒಂದು ತುಣುಕು ದತ್ತಾಂಶ ಬರಲು ಸುಮಾರು 100 ನ್ಯಾನೋಸೆಕೆಂಡು ಬೇಕು. ಎಸ್‌ಎಸ್‌ಡಿಯಿಂದ ಬರಲು ಸುಮಾರು 100 ಮೈಕ್ರೋಸೆಕೆಂಡು, ಅಂದರೆ ಸಾವಿರ ಪಟ್ಟು. ತಟ್ಟೆ ತಿರುಗುವ ಹಾರ್ಡ್ ಡಿಸ್ಕ್ ಆದರೆ 10 ಮಿಲಿಸೆಕೆಂಡಿನ ಆಸುಪಾಸು, ಅಂದರೆ ಲಕ್ಷ ಪಟ್ಟು. ಸೆಕೆಂಡಿಗೆ 60 ಚಿತ್ರ ಬೇಕೆಂದರೆ ಒಂದೊಂದು ಚಿತ್ರಕ್ಕೆ ಸಿಗುವ ಸಮಯ 16.7 ಮಿಲಿಸೆಕೆಂಡು ಮಾತ್ರ. ಹಾರ್ಡ್ ಡಿಸ್ಕಿಗೆ ಎರಡು ಸಲ ಹೋಗಿ ಬಂದರೆ ಆ ಚಿತ್ರದ ಸಮಯ ಮುಗಿದೇ ಹೋಯಿತು. ನಿನ್ನ ಅರ್ಧ ಸೆಕೆಂಡಿನ ನಿಲುಗಡೆ ಎಂದರೆ ಅಂಥ ಹತ್ತಾರು ಓಡಾಟಗಳು.

ಪೇಜ್ ಫೈಲ್ ಯಾವ ಡ್ರೈವಿನಲ್ಲಿದೆ ಎಂಬುದನ್ನೂ ನೋಡಿ ಬರೆ.

ಬೀದರ್_ಕೋಟೆ (ಬೀದರ್)

ಅಳೆಯುವುದು ಒಳ್ಳೆಯದೇ. ಆದರೆ ಹಣ ಒಂದೇ ಸಲ ಸಿಗುವುದಾದರೆ ನಾನು 32 ಎಂದೇ ಹೇಳುತ್ತೇನೆ. ನಾನು ವಿಮಾನ ಹಾರಿಸುವ ಆಟ ಆಡುವವನು. ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್ 2020ರಲ್ಲಿ ಬಂದಾಗ ಅದರ ತಯಾರಕರ ಪಟ್ಟಿಯಲ್ಲಿ ಬೇಕಾದ ರ‍್ಯಾಮ್ ಕನಿಷ್ಠ 8, ಶಿಫಾರಸು 16, ಆದರ್ಶ 32 ಎಂದಿತ್ತು. 2024ರ ಆವೃತ್ತಿಯಲ್ಲಿ ಅದೇ ಪಟ್ಟಿ ಕನಿಷ್ಠ 16, ಶಿಫಾರಸು 32, ಆದರ್ಶ 64 ಆಯಿತು. ನಾಲ್ಕೇ ವರ್ಷದಲ್ಲಿ ಪ್ರತಿ ಸಾಲೂ ದುಪ್ಪಟ್ಟು. ಇಂಡಿಯಾನಾ ಜೋನ್ಸ್ ಆಂಡ್ ದಿ ಗ್ರೇಟ್ ಸರ್ಕಲ್ ಕೂಡ 2024ರ ಕೊನೆಗೆ ಬಂದದ್ದು. ಅದರ ಶಿಫಾರಸಿನಲ್ಲೂ 32 ಇದೆ. ಗಾಳಿ ಯಾವ ಕಡೆ ಬೀಸುತ್ತಿದೆ ಎಂದು ಗೊತ್ತಾಗುವುದಿಲ್ಲವೇ?

ಆಳಂದ_ರಸ್ತೆ (ಕಲಬುರಗಿ)

ಬೀದರ್ ಅಣ್ಣಾ, ಆ ಪಟ್ಟಿಗಳನ್ನು ಒಂದು ಸಾಲು ಮಾತ್ರ ಓದಿದರೆ ಹೀಗೇ ಹೆದರಿಕೆಯಾಗುತ್ತದೆ. ಪೂರ್ತಿ ಓದಿ. ಇಂಡಿಯಾನಾ ಜೋನ್ಸ್ ಆಟ ಶಿಫಾರಸಿನಲ್ಲಿ 32 ಜಿಬಿ ಕೇಳುವಾಗ ಪಕ್ಕದಲ್ಲಿ ಆರ್‌ಟಿಎಕ್ಸ್ 3080 ಟಿಐ ಅಥವಾ ಆರ್‌ಎಕ್ಸ್ 7700 ಎಕ್ಸ್‌ಟಿ ಕಾರ್ಡನ್ನೂ ಕೇಳುತ್ತದೆ. ಅದೇ ಆಟದ ಕನಿಷ್ಠ ಸಾಲಿನಲ್ಲಿ ಏನಿದೆ ಗೊತ್ತೇ? ಈ ಹುಡುಗನ ಬಳಿ ಇರುವ ಆರ್‌ಎಕ್ಸ್ 6600, ಮತ್ತು 16 ಜಿಬಿ. ಕಾರ್ಡ್ ಕನಿಷ್ಠ ಸಾಲಿನದ್ದು, ರ‍್ಯಾಮ್ ಶಿಫಾರಸಿನದ್ದು ಎಂದು ಹಾಕಿಕೊಂಡರೆ ಆ ಹೆಚ್ಚಿನ 16 ಜಿಬಿ ಸುಮ್ಮನೆ ಕುಳಿತಿರುತ್ತದೆ.

ಅವನು ಕೇಳಿದ ಆಟಗಳನ್ನೇ ನೋಡೋಣ. ರೆಡ್ ಡೆಡ್ 2 ಕನಿಷ್ಠ 8, ಶಿಫಾರಸು 12. ವುಕಾಂಗ್ ಕನಿಷ್ಠ 16, ಶಿಫಾರಸೂ 16. ಸೈಬರ್‌ಪಂಕ್ 2023ರಲ್ಲಿ ಪಟ್ಟಿ ಬದಲಿಸಿಕೊಂಡ ಮೇಲೆ ಕನಿಷ್ಠ 12, ಶಿಫಾರಸು 16. ಬೆಳಕಿನ ಪ್ರತಿ ಕಿರಣವನ್ನೂ ಲೆಕ್ಕ ಹಾಕುವ ಅತಿ ಎತ್ತರದ ಸೆಟ್ಟಿಂಗಿಗೆ ಮಾತ್ರ 24. ಆ ಸೆಟ್ಟಿಂಗನ್ನು 6600 ಎಳೆಯುವುದೇ ಇಲ್ಲ. ಎಲ್ಡನ್ ರಿಂಗ್ ಕನಿಷ್ಠ 12, ಶಿಫಾರಸು 16. ಇವುಗಳಲ್ಲಿ 32 ಎಲ್ಲಿದೆ?

ನಾನು ಕಾರ್ಡೇ ಇಲ್ಲದೆ ರೈಜನ್ 5 5600ಜಿಯ ಒಳಗಿನ ಗ್ರಾಫಿಕ್ಸ್‌ನಲ್ಲಿ ಆಡುವವನು. ಒಂದೊಂದು ರೂಪಾಯಿಯೂ ಯಾವ ಭಾಗಕ್ಕೆ ಹೋದರೆ ಕೆಲಸಕ್ಕೆ ಬರುತ್ತದೆ ಎಂದು ನೋಡಿ ಖರ್ಚು ಮಾಡಬೇಕಾದವರಿಗೆ "ಇರಲಿ, 32 ಹಾಕಿಸಿ" ಎಂಬ ಸಲಹೆ ಭಾರವಾಗುತ್ತದೆ.

ಬೀದರ್_ಕೋಟೆ (ಬೀದರ್)

ಆ ಲೆಕ್ಕ ಎಲ್ಲ ಆಟಗಳಿಗೂ ಹೊಂದುವುದಿಲ್ಲ ತಮ್ಮಾ. ಫ್ಲೈಟ್ ಸಿಮ್ಯುಲೇಟರ್ 2024ರ ಶಿಫಾರಸಿನಲ್ಲಿ 32 ಜಿಬಿಯ ಪಕ್ಕದಲ್ಲಿರುವುದು ಆರ್‌ಎಕ್ಸ್ 5700 ಎಕ್ಸ್‌ಟಿ. ಅದು 6600ಕ್ಕೆ ಹತ್ತಿರದ ಕಾರ್ಡೇ. ಜಗತ್ತನ್ನೇ ಮೆಮೊರಿಯಲ್ಲಿ ಹೊತ್ತು ನಡೆಯುವ ಆಟಗಳಿಗೆ ಕಾರ್ಡ್ ಸಾಧಾರಣವಾಗಿದ್ದರೂ ರ‍್ಯಾಮ್ ಬೇಕು. ನಗರ ಕಟ್ಟುವ ಆಟಗಳು, ನೂರಾರು ಮಾಡ್‌ಗಳನ್ನು (ಆಟಗಾರರು ಮಾಡಿದ ಸೇರ್ಪಡೆಗಳು) ಸೇರಿಸಿದ ಮೈನ್‌ಕ್ರಾಫ್ಟ್ ಇದೇ ಜಾತಿಯವು. ನಗರ ಬೆಳೆದಷ್ಟೂ ಮೆಮೊರಿ ಏರುತ್ತದೆ. ಚಿತ್ರದ ಗುಣಮಟ್ಟ ಇಳಿಸಿದರೂ ಅದು ಇಳಿಯುವುದಿಲ್ಲ.

ಆಳಂದ_ರಸ್ತೆ (ಕಲಬುರಗಿ)

ಅದನ್ನು ಒಪ್ಪುತ್ತೇನೆ ಅಣ್ಣಾ. ನೀವು ಆಡುವ ಆಟಕ್ಕೆ 32 ಸರಿ. ಅವನು ವಿಮಾನ ಹಾರಿಸುತ್ತೇನೆ ಎಂದು ಎಲ್ಲೂ ಹೇಳಿಲ್ಲ.

ಸುರಪುರ_ಎಡಿಟಿಂಗ್ (ಯಾದಗಿರಿ ಜಿಲ್ಲೆ)

ಇಬ್ಬರ ಮಾತಿನಲ್ಲೂ ಹುರುಳಿದೆ. ಆದರೆ ಈ 16 ಎಂಬ ಅಂಕಿ ಎಲ್ಲಿಂದ ಬಂತು ಎಂಬುದನ್ನು ಹೇಳಿದರೆ ಹುಡುಗನಿಗೆ ಮುಂದಿನ ಕೆಲವು ವರ್ಷಗಳ ಅಂದಾಜೂ ಸಿಗುತ್ತದೆ. ನಾನು ವಿಡಿಯೊ ಎಡಿಟಿಂಗ್ ಮಾಡಿ ಬದುಕುವವಳು, ರಾತ್ರಿ ಹೊತ್ತು ಆಟ ಆಡುತ್ತೇನೆ, ಆದ್ದರಿಂದ ಈ ವಿಷಯವನ್ನು ಎರಡೂ ಕಡೆಯಿಂದ ನೋಡಿದ್ದೇನೆ.

ದೊಡ್ಡ ಆಟಗಳಲ್ಲಿ ಹೆಚ್ಚಿನವು ಕಂಪ್ಯೂಟರ್ ಒಂದಕ್ಕಾಗಿಯೇ ತಯಾರಾಗುವುದಿಲ್ಲ. ಪ್ಲೇಸ್ಟೇಷನ್, ಎಕ್ಸ್‌ಬಾಕ್ಸ್ ಎಂಬ ಆಟದ ಯಂತ್ರಗಳಲ್ಲಿಯೂ ಅವು ಓಡಬೇಕು. 2013ರಲ್ಲಿ ಬಂದ ಪ್ಲೇಸ್ಟೇಷನ್ 4ರಲ್ಲಿ ಇದ್ದದ್ದು 8 ಜಿಬಿ ಮೆಮೊರಿ. ಆ ಕಾಲದ ಆಟಗಳಿಗೆ 8 ಜಿಬಿಯ ಕಂಪ್ಯೂಟರ್ ಸಾಕಾಗುತ್ತಿತ್ತು. 2015ರಲ್ಲಿ ಕಂಪ್ಯೂಟರಿಗೆ ಬಂದ ಜಿಟಿಎ 5 ಕನಿಷ್ಠ 4, ಶಿಫಾರಸು 8 ಎಂದಷ್ಟೇ ಕೇಳಿತ್ತು. 2020ರ ನವೆಂಬರಿನಲ್ಲಿ ಬಂದ ಪ್ಲೇಸ್ಟೇಷನ್ 5 ಮತ್ತು ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್ ಎರಡರಲ್ಲೂ 16 ಜಿಬಿ ಇದೆ. ಹಳೆಯ ಯಂತ್ರಗಳನ್ನು ಕೈಬಿಟ್ಟು ಹೊಸದಕ್ಕೆ ಮಾತ್ರ ಆಟ ಮಾಡತೊಡಗಿದ ಮೇಲೆ, ಸುಮಾರು 2023ರಿಂದ, ಕಂಪ್ಯೂಟರ್ ಪಟ್ಟಿಗಳಲ್ಲೂ 16 ಕನಿಷ್ಠವಾಗಿ ಕಾಣಿಸತೊಡಗಿತು. ಹಾಗ್ವಾರ್ಟ್ಸ್ ಲೆಗಸಿ, ಸ್ಟಾರ್‌ಫೀಲ್ಡ್, ಅಲನ್ ವೇಕ್ 2 ಎಲ್ಲವೂ ಆ ವರ್ಷದವೇ.

ಇಲ್ಲಿ ಗಮನಿಸಬೇಕಾದ ಮಾತು ಬೇರೊಂದಿದೆ. ಪ್ಲೇಸ್ಟೇಷನ್ನಿನ 16 ಜಿಬಿ ಒಟ್ಟು ಮೊತ್ತ. ಪ್ರೊಸೆಸರಿಗೂ ಗ್ರಾಫಿಕ್ಸ್‌ಗೂ ಅದೇ, ಅದರ ಸ್ವಂತ ವ್ಯವಸ್ಥೆಗೂ ಅದರಲ್ಲೇ ಪಾಲು. ಕಂಪ್ಯೂಟರಿನಲ್ಲಿ ಮನೆ ಎರಡು: ಗ್ರಾಫಿಕ್ಸ್ ಕಾರ್ಡಿನ ಮೆಮೊರಿ ಬೇರೆ, ರ‍್ಯಾಮ್ ಬೇರೆ. ಕಾರ್ಡಿನಲ್ಲಿ 8, ರ‍್ಯಾಮಿನಲ್ಲಿ 16 ಎಂದರೆ ಒಟ್ಟು 24 ಆಯಿತು. ಕೆಲವು ದತ್ತಾಂಶ ಎರಡೂ ಕಡೆ ಇರಬೇಕಾಗುತ್ತದೆ, ವಿಂಡೋಸ್ ತನ್ನ ಪಾಲು ತೆಗೆದುಕೊಳ್ಳುತ್ತದೆ, ಆದರೂ ಸರಿಹೋಗುತ್ತದೆ. ಎಕ್ಸ್‌ಬಾಕ್ಸ್ ಸೀರೀಸ್ ಎಸ್‌ನಲ್ಲಿ ಇರುವುದು 10 ಜಿಬಿ ಮಾತ್ರ. ಎಕ್ಸ್‌ಬಾಕ್ಸಿಗೆ ಬರುವ ಆಟಗಳು ಅದರೊಳಗೂ ಹಿಡಿಸಲೇಬೇಕು. ಹೀಗಾಗಿ ಈ ಪೀಳಿಗೆಯ ಯಂತ್ರಗಳು ಚಾಲ್ತಿಯಲ್ಲಿ ಇರುವವರೆಗೆ, 1080ಪಿಯಲ್ಲಿ ಆಡುವವರಿಗೆ 16 ಒಮ್ಮೆಲೇ ಕೆಲಸಕ್ಕೆ ಬಾರದಂತಾಗುವ ಭಯ ಬೇಡ. ಮುಂದಿನ ಪೀಳಿಗೆ ಬಂದಾಗ ಪಟ್ಟಿ ಮತ್ತೆ ಜಿಗಿಯುತ್ತದೆ. ಆಗ ನಿನ್ನ ಪ್ರೊಸೆಸರ್, ಕಾರ್ಡ್, ಬೋರ್ಡ್ ಎಲ್ಲವೂ ಬದಲಾಗಬೇಕಾಗುತ್ತದೆ. ಇಂದು ಹಾಕಿದ ಡಿಡಿಆರ್4 ಹೊಸ ಬೋರ್ಡಿಗೆ ಹೊಂದುವುದೂ ಇಲ್ಲ.

ಎಡಿಟಿಂಗ್ ಮಾಡುವ ಯೋಚನೆ ಇದ್ದರೆ ಮಾತ್ರ ನನ್ನ ಉತ್ತರ 32. ನನ್ನ ಕೆಲಸಕ್ಕೆ 16 ಸಾಲುತ್ತಿರಲಿಲ್ಲ.

ಬಿಸಿಲೂರ_ಹುಡುಗ (ಕಲಬುರಗಿ)

ಅಕ್ಕಾ, ಇಷ್ಟು ಬಿಡಿಸಿ ಹೇಳಿದ್ದಕ್ಕೆ ಧನ್ಯವಾದ. ಎಡಿಟಿಂಗ್ ಇಲ್ಲ. ಓದು, ಕೋಡಿಂಗ್, ಆಟ ಇಷ್ಟೇ.

ಅಳೆದು ನೋಡಿದೆ. ಆಟ ನಿಲ್ಲುವಾಗ ಇನ್ ಯೂಸ್ 7.4, ಕಮಿಟೆಡ್ 14.6/19.9 (ಎರಡನೆಯದು ಅದರ ಮಿತಿ). ಬ್ರೌಸರಿನಲ್ಲಿ ಏಳೆಂಟು ಪುಟಗಳು ತೆರೆದಿದ್ದವು. ಪೇಜ್ ಫೈಲ್ 12 ಜಿಬಿ, ಅದೂ ಡಿ ಡ್ರೈವಿನಲ್ಲಿ, ಅಂದರೆ ಆ ಹಳೆಯ ಹಾರ್ಡ್ ಡಿಸ್ಕಿನಲ್ಲಿ. ಎಸ್‌ಎಸ್‌ಡಿ ಸವೆಯಬಾರದು ಎಂದು ಕಂಪ್ಯೂಟರ್ ಜೋಡಿಸಿದವರು ಹಾಗೆ ಇಟ್ಟಿದ್ದರಂತೆ. ಇನ್ನೊಂದು, ಮೆಮೊರಿ ಪುಟದಲ್ಲಿ ವೇಗ 2666 ಎಂದು ತೋರಿಸುತ್ತದೆ. ಸ್ಟಿಕ್ಕಿನ ಚೀಟಿಯ ಮೇಲೆ 3200 ಎಂದಿದೆ.

ರಿಪೇರಿ_ಮೇಜು (ಕಲಬುರಗಿ)

ಇಷ್ಟು ಗೊತ್ತಾದ ಮೇಲೆ ದಾರಿ ಸ್ಪಷ್ಟ. ಹಣ ಖರ್ಚಾಗದ ಕೆಲಸಗಳು ಮೊದಲು.

ಪೇಜ್ ಫೈಲನ್ನು ಎಸ್‌ಎಸ್‌ಡಿಗೆ ತಂದು, ಅದರ ಗಾತ್ರವನ್ನು ವಿಂಡೋಸಿಗೇ ಬಿಡು. ಎಸ್‌ಎಸ್‌ಡಿ ಸವೆಯುತ್ತದೆ ಎಂಬ ಭಯ ಮನೆಬಳಕೆಗೆ ಬೇಡ. ಆಟವನ್ನೂ ಎಸ್‌ಎಸ್‌ಡಿಯಲ್ಲೇ ಇಡು. ಸೈಬರ್‌ಪಂಕ್ ಈಗ ಎಸ್‌ಎಸ್‌ಡಿ ಬೇಕೆಂದೇ ಹೇಳುತ್ತದೆ. ಆಡುವಾಗ ಬ್ರೌಸರ್ ಮುಚ್ಚು. ಬಯಾಸ್‌ಗೆ (ಕಂಪ್ಯೂಟರ್ ಏಳುವಾಗ ತೆರೆಯುವ ಸೆಟ್ಟಿಂಗ್ ಪುಟ) ಹೋಗಿ ಎಕ್ಸ್‌ಎಂಪಿ ಪ್ರೊಫೈಲ್ ಆಯ್ಕೆ ಮಾಡು. ಕೆಲವು ಬೋರ್ಡ್‌ಗಳಲ್ಲಿ ಅದಕ್ಕೆ ಡಿಒಸಿಪಿ ಎಂದು ಬರೆದಿರುತ್ತದೆ. ಚೀಟಿಯ ಮೇಲಿನ ವೇಗ ಅನೇಕ ಸ್ಟಿಕ್ಕುಗಳಲ್ಲಿ ತಾನಾಗಿ ಬರುವುದಿಲ್ಲ. ಸ್ಟಿಕ್ ಒಂದು ಸುರಕ್ಷಿತ ಕೆಳವೇಗದಲ್ಲಿ ಏಳುತ್ತದೆ, ಪ್ರೊಫೈಲ್ ಆಯ್ಕೆ ಮಾಡಿದ ಮೇಲೆ ತನ್ನ ವೇಗಕ್ಕೆ ಬರುತ್ತದೆ. ನನ್ನ ಮೇಜಿಗೆ ಬರುವ ಕಂಪ್ಯೂಟರುಗಳಲ್ಲಿ ಇದನ್ನು ಮಾಡದೆ ಬಿಟ್ಟವು ಎಷ್ಟೋ ಇರುತ್ತವೆ. ನೋಡಿದಾಗಲೆಲ್ಲ ಬೇಸರವಾಗುತ್ತದೆ, ಏಕೆಂದರೆ ಜನ ಕೊಟ್ಟ ಹಣ ಅಲ್ಲಿ ಮಲಗಿರುತ್ತದೆ.

ಈಗ ರ‍್ಯಾಮ್. 14.6 ಎಂಬುದು ಬ್ರೌಸರ್ ಸೇರಿಸಿದ ಲೆಕ್ಕ. ಅದರಲ್ಲಿ ಕೇಳಿಟ್ಟುಕೊಂಡು ಮುಟ್ಟದೆ ಬಿಟ್ಟ ಜಾಗವೂ ಇರುತ್ತದೆ. 16 ಆದರೆ ರೆಡ್ ಡೆಡ್ ಪೂರ್ತಿ ರ‍್ಯಾಮಿನೊಳಗೆ ಕೂರುತ್ತದೆ.

ಹೇಗೆ 16 ಎಂಬುದು ಎಷ್ಟು ಎಂಬುದರಷ್ಟೇ ಮುಖ್ಯ. ಡಿಡಿಆರ್4ರ ಒಂದು ಚಾನಲ್ (ಸ್ಟಿಕ್ ಮತ್ತು ಪ್ರೊಸೆಸರಿನ ನಡುವಿನ ದಾರಿ) ಒಮ್ಮೆಗೆ 8 ಬೈಟ್ ಸಾಗಿಸುತ್ತದೆ. 3200 ವೇಗದಲ್ಲಿ, ಅಂದರೆ ಸೆಕೆಂಡಿಗೆ 320 ಕೋಟಿ ಸಲ ಎಂದು ಲೆಕ್ಕ ಹಾಕಿದರೆ ಸೆಕೆಂಡಿಗೆ 25.6 ಜಿಬಿ. ಎರಡು ಸ್ಟಿಕ್ ಎರಡು ಚಾನಲಿನಲ್ಲಿ ಇದ್ದರೆ 51.2. ಈಗ ನಿನ್ನಲ್ಲಿರುವುದು 2666ರ ಒಂದೇ ಸ್ಟಿಕ್, ಅಂದರೆ 21.3. ಹಣ ಕೊಟ್ಟು 16ರ ಒಂದೇ ಸ್ಟಿಕ್ ತಂದು ಹಳೆಯದನ್ನು ತೆಗೆದರೆ ಜಾಗ ಹೆಚ್ಚುತ್ತದೆ, ದಾರಿ ಅಗಲವಾಗುವುದಿಲ್ಲ. ಸರಾಸರಿ ಎಫ್‌ಪಿಎಸ್‌ಗಿಂತ (ಸೆಕೆಂಡಿಗೆ ಬರುವ ಚಿತ್ರಗಳು) ಹೆಚ್ಚಾಗಿ, ತೀರಾ ಕೆಳಕ್ಕೆ ಬೀಳುವ ಕ್ಷಣಗಳಲ್ಲಿ ಎರಡು ಚಾನಲಿನ ಗುಣ ಕಾಣಿಸುತ್ತದೆ. ಆದ್ದರಿಂದ ಇರುವ ಸ್ಟಿಕ್ಕನ್ನು ಬಿಚ್ಚಿ ಚೀಟಿಯ ಫೋಟೊ ತೆಗೆದುಕೋ. ಅದೇ ಮಾದರಿಯ, ಅದೇ 3200ರ, 8 ಜಿಬಿಯ ಇನ್ನೊಂದನ್ನು ತಂದು ಹಾಕು.

ಆಳಂದ_ರಸ್ತೆ (ಕಲಬುರಗಿ)

ಎರಡು ಚಾನಲ್ ಎಂದರೆ ಏನು ಎಂದು ನನ್ನಂಥವರನ್ನು ಕೇಳಬೇಕು. ಒಳಗಿನ ಗ್ರಾಫಿಕ್ಸ್‌ಗೆ ಸ್ವಂತ ಮೆಮೊರಿ ಇಲ್ಲ, ರ‍್ಯಾಮೇ ಅದರ ಮೆಮೊರಿ. ಒಂದೇ ಸ್ಟಿಕ್ ಹಾಕಿದ 5600ಜಿ ಅರ್ಧ ಉಸಿರಿನಲ್ಲಿ ಓಡುತ್ತದೆ. ಕಾರ್ಡ್ ಇಲ್ಲದವರು 8ರ ಎರಡು ಸ್ಟಿಕ್ ಹಾಕುವುದನ್ನು ಎಂದೂ ಬಿಡಬೇಡಿ. ಅದರಲ್ಲೂ ಬಯಾಸ್‌ನಲ್ಲಿ ಗ್ರಾಫಿಕ್ಸ್‌ಗೆ 2 ಜಿಬಿ ಮೀಸಲಿಟ್ಟರೆ ವಿಂಡೋಸಿಗೆ ಉಳಿಯುವುದು 14 ಎಂಬುದು ನೆನಪಿರಲಿ.

ಬೀದರ್_ಕೋಟೆ (ಬೀದರ್)

ಎರಡೇ ಸ್ಲಾಟ್ ಇರುವಾಗ 8ಕ್ಕೆ 8 ಸೇರಿಸಿದರೆ ಎರಡೂ ತುಂಬಿಹೋಗುತ್ತವೆ. ನಾಳೆ 32 ಬೇಕಾದರೆ ಎರಡನ್ನೂ ತೆಗೆದುಹಾಕಬೇಕು. ಬದಲಾಗಿ ಈಗ 16ರ ಒಂದು ಸ್ಟಿಕ್ ತಂದು 8ರ ಪಕ್ಕದಲ್ಲಿ ಹಾಕಿದರೆ ಹೇಗೆ? 24 ಆಗುತ್ತದೆ. ಹಣ ಬಂದಾಗ 8ನ್ನು ತೆಗೆದು ಇನ್ನೊಂದು 16 ಹಾಕಿದರೆ 32. ಏನೂ ವ್ಯರ್ಥವಾಗುವುದಿಲ್ಲ.

ರಿಪೇರಿ_ಮೇಜು (ಕಲಬುರಗಿ)

ಅದು ಸರಿಯಾದ ದಾರಿಯೇ, ಕೆಲಸ ಮಾಡುತ್ತದೆ. 8 ಮತ್ತು 16 ಜೊತೆಯಾದರೆ ಮೊದಲ 16 ಜಿಬಿ ಎರಡು ಚಾನಲಿನಲ್ಲಿ, ಮಿಕ್ಕ 8 ಒಂದೇ ಚಾನಲಿನಲ್ಲಿ ಓಡುತ್ತದೆ. ಆಟ ಯಾವ ಭಾಗದಲ್ಲಿ ಕೂರುತ್ತದೆ ಎಂಬುದು ನಮ್ಮ ಕೈಯಲ್ಲಿಲ್ಲ, ಆದ್ದರಿಂದ ವೇಗ ಎಲ್ಲ ಹೊತ್ತೂ ಒಂದೇ ತೆರನಾಗಿ ಇರದಿರಬಹುದು. ಆದರೂ ಸಾಲದ 16ಕ್ಕಿಂತ 24 ಮೇಲು. ವಿಮಾನದ ಆಟ, ನಗರ ಕಟ್ಟುವ ಆಟ ಆಡುವವನಾಗಿದ್ದರೆ ಇದನ್ನೇ ಹೇಳುತ್ತಿದ್ದೆ. ಈ ತಮ್ಮ ಹೆಸರಿಸಿದ ಆಟಗಳಿಗೆ 16 ಸಾಕು. ಹೆಚ್ಚಿನ ಹಣ ಉಳಿಸಿಟ್ಟರೆ ಮುಂದೆ ಕಾರ್ಡಿಗೆ ಬರುತ್ತದೆ.

ಬೇರೆ ಬೇರೆ ಕಂಪನಿಯ ಸ್ಟಿಕ್ಕುಗಳನ್ನು ಜೊತೆ ಮಾಡಬಹುದೇ ಎಂದು ಹಲವರು ಕೇಳುತ್ತಾರೆ. ಡಿಡಿಆರ್4ರಲ್ಲಿ ಬಹುಪಾಲು ಹೊಂದಿಕೊಳ್ಳುತ್ತವೆ, ಎರಡೂ ನಿಧಾನದ ಸ್ಟಿಕ್ಕಿನ ವೇಗಕ್ಕೆ ಇಳಿಯುತ್ತವೆ. ಹೊಂದದಿದ್ದರೆ ಕಂಪ್ಯೂಟರ್ ಏಳುವುದಿಲ್ಲ, ಅಥವಾ ಆಟದ ನಡುವೆ ನೀಲಿ ಪರದೆ ಬರುತ್ತದೆ. ಅಂಗಡಿಯವರಿಂದ "ಹೊಂದದಿದ್ದರೆ ಬದಲಿಸಿ ಕೊಡುತ್ತೇವೆ" ಎಂಬ ಮಾತು ಪಡೆದು, ಜಿಎಸ್‌ಟಿ ಬಿಲ್ಲಿನೊಂದಿಗೇ ತೆಗೆದುಕೋ.

ಭೀಮಾ_ದಂಡೆ (ಯಾದಗಿರಿ)

ನಡುವೆ ಬಂದದ್ದಕ್ಕೆ ಕ್ಷಮಿಸಿ. ನನ್ನದು 8 ಜಿಬಿಯ ಗೇಮಿಂಗ್ ಲ್ಯಾಪ್‌ಟಾಪ್. ಅದಕ್ಕೂ ಇದೇ ಲೆಕ್ಕವೇ?

ರಿಪೇರಿ_ಮೇಜು (ಕಲಬುರಗಿ)

ಲೆಕ್ಕ ಅದೇ, ಆದರೆ ಮೊದಲು ಒಳಗೆ ಸ್ಲಾಟ್ ಇದೆಯೇ ನೋಡಬೇಕು. ಟಾಸ್ಕ್ ಮ್ಯಾನೇಜರಿನ ಮೆಮೊರಿ ಪುಟದಲ್ಲಿ "ಸ್ಲಾಟ್ಸ್ ಯೂಸ್ಡ್" ಎಂದು ಬರುತ್ತದೆ. ಎರಡರಲ್ಲಿ ಒಂದು ಎಂದಿದ್ದರೆ ಸಾಮಾನ್ಯವಾಗಿ ಇನ್ನೊಂದು ಹಾಕಬಹುದು, ಲ್ಯಾಪ್‌ಟಾಪಿಗೆ ಬರುವುದು ಚಿಕ್ಕ ಗಾತ್ರದ ಸ್ಟಿಕ್. ಎಲ್‌ಪಿಡಿಡಿಆರ್ ಎಂದು ಇದ್ದರೆ ಸಾಮಾನ್ಯವಾಗಿ ಮೆಮೊರಿಯನ್ನು ಬೋರ್ಡಿಗೇ ಬೆಸೆದಿರುತ್ತಾರೆ, ಏನೂ ಮಾಡಲಾಗದು. ಹೊಸ ಲ್ಯಾಪ್‌ಟಾಪ್ ಕೊಳ್ಳುವವರು ಅಂಥದ್ದನ್ನು 16ಕ್ಕಿಂತ ಕಡಿಮೆ ಇದ್ದರೆ ಮುಟ್ಟಲೇಬೇಡಿ.

ಸುರಪುರ_ಎಡಿಟಿಂಗ್ (ಯಾದಗಿರಿ ಜಿಲ್ಲೆ)

ಹುಡುಗನಿಗೆ ಇನ್ನೊಂದು ಎಚ್ಚರಿಕೆ. ರ‍್ಯಾಮ್ ಹಾಕಿದ ಮೇಲೂ ಸೈಬರ್‌ಪಂಕ್‌ನಲ್ಲಿ ತಡವರಿಕೆ ಕಂಡರೆ ಮತ್ತೆ ರ‍್ಯಾಮನ್ನೇ ದೂರಬೇಡ. ಮೂರು ಬೇರೆ ಬೇರೆ ಕಾಯಿಲೆಗಳು ಹೊರಗೆ ಒಂದೇ ರೀತಿ ಕಾಣುತ್ತವೆ.

ರ‍್ಯಾಮಿನ ಕೊರತೆಯನ್ನು ಅಣ್ಣ ವಿವರಿಸಿದ್ದಾರೆ. ಎರಡನೆಯದು ಕಾರ್ಡಿನ ಮೆಮೊರಿ ತುಂಬುವುದು. ಟಾಸ್ಕ್ ಮ್ಯಾನೇಜರಿನ ಜಿಪಿಯು (ಗ್ರಾಫಿಕ್ಸ್) ಪುಟದಲ್ಲಿ "ಡೆಡಿಕೇಟೆಡ್" ಅಂಕಿ 8ರ ಅಂಚಿಗೆ ತಾಗಿ, "ಶೇರ್ಡ್" ಅಂಕಿ ಏರುತ್ತಾ ಹೋದರೆ ಕಾರ್ಡಿನಲ್ಲಿ ಹಿಡಿಸದ್ದು ರ‍್ಯಾಮಿಗೆ ಹರಿಯುತ್ತಿದೆ ಎಂದರ್ಥ. ಆರ್‌ಎಕ್ಸ್ 6600 ತನ್ನ ಸ್ವಂತ ಮೆಮೊರಿಯನ್ನು ಸೆಕೆಂಡಿಗೆ 224 ಜಿಬಿ ವೇಗದಲ್ಲಿ ಓದುತ್ತದೆ. ರ‍್ಯಾಮಿನಿಂದ ತರಿಸಿಕೊಳ್ಳಬೇಕಾದರೆ ಕಾರ್ಡನ್ನು ಬೋರ್ಡಿಗೆ ಜೋಡಿಸುವ ಪಿಸಿಐಇ ದಾರಿಯಲ್ಲಿ ಬರಬೇಕು. ಈ ಕಾರ್ಡಿಗೆ ಇರುವುದು ಎಂಟೇ ಲೇನ್, ನಿನ್ನ ಎ520 ಬೋರ್ಡ್ ಕೊಡುವುದು ಮೂರನೆಯ ಪೀಳಿಗೆಯ ಪಿಸಿಐಇ. ಎರಡೂ ಸೇರಿ ಸೆಕೆಂಡಿಗೆ 8 ಜಿಬಿಯೂ ಪೂರ್ತಿ ಸಿಗುವುದಿಲ್ಲ. 224 ಎಲ್ಲಿ, 8 ಎಲ್ಲಿ! 64 ಜಿಬಿ ರ‍್ಯಾಮ್ ಹಾಕಿದರೂ ಆ ದಾರಿ ಅಗಲವಾಗದು. ಇದಕ್ಕೆ ಮದ್ದು ಟೆಕ್ಸ್ಚರ್ (ವಸ್ತುಗಳ ಮೇಲ್ಮೈಯ ಚಿತ್ರ) ಗುಣಮಟ್ಟವನ್ನು ಒಂದು ಮೆಟ್ಟಿಲು ಇಳಿಸುವುದು, ರೇ ಟ್ರೇಸಿಂಗ್ (ಬೆಳಕಿನ ಕಿರಣಗಳ ಲೆಕ್ಕ) ನಿಲ್ಲಿಸುವುದು. ಟೆಕ್ಸ್ಚರ್ ಇಳಿಸಿದ ಕೂಡಲೇ ತಡವರಿಕೆ ಹೋದರೆ ಕಾಯಿಲೆ ಇದೇ.

ಮೂರನೆಯದು ಶೇಡರ್, ಅಂದರೆ ಕಾರ್ಡ್ ಬೆಳಕು, ಬಣ್ಣ ಲೆಕ್ಕ ಹಾಕಲು ಬಳಸುವ ಚಿಕ್ಕ ಪ್ರೋಗ್ರಾಮ್. ಹೊಸ ಜಾಗಕ್ಕೆ, ಹೊಸ ಶತ್ರುವಿನ ಮುಂದೆ ಮೊದಲ ಸಲ ಹೋದಾಗ ಒಂದು ಕ್ಷಣ ನಿಂತು, ಅದೇ ಜಾಗಕ್ಕೆ ಎರಡನೆಯ ಸಲ ಹೋದಾಗ ನಿಲ್ಲದಿದ್ದರೆ ಅದು ಶೇಡರ್ ತಯಾರಿಯ ತಡ. ಅದಕ್ಕೂ ರ‍್ಯಾಮಿಗೂ ಸಂಬಂಧವಿಲ್ಲ. ವುಕಾಂಗ್ ಮೊದಲ ಸಲ ತೆರೆದಾಗ ಶೇಡರ್‌ಗಳನ್ನು ಸಿದ್ಧಪಡಿಸಿಕೊಳ್ಳಲು ಹೊತ್ತು ಹಿಡಿಯುತ್ತದೆ. ಅದು ಮುಗಿಯುವವರೆಗೆ ಕಾದು ಆಮೇಲೆ ಆಡು.

ಬೀದರ್_ಕೋಟೆ (ಬೀದರ್)

ಬೆಲೆಯ ವಿಷಯ ಯಾರೂ ಎತ್ತಿಲ್ಲ. 2025ರ ಕೊನೆಯ ತಿಂಗಳುಗಳಿಂದ ಮೆಮೊರಿ ಬೆಲೆ ಏರಿದ್ದು ನಮ್ಮ ಅಂಗಡಿಯವರ ದುರಾಸೆಯಿಂದಲ್ಲ. ಜಗತ್ತಿನ ಡಿರ‍್ಯಾಮ್ (ರ‍್ಯಾಮ್ ಸ್ಟಿಕ್ಕಿನಲ್ಲಿರುವ) ಚಿಪ್‌ಗಳಲ್ಲಿ ಹೆಚ್ಚಿನ ಪಾಲು ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್, ಮೈಕ್ರಾನ್ ಎಂಬ ಮೂರೇ ಕಂಪನಿಗಳದ್ದು. ಕೃತಕ ಬುದ್ಧಿಮತ್ತೆಯ ದತ್ತಾಂಶ ಕೇಂದ್ರಗಳು ಕೊಳ್ಳುವ ಮೆಮೊರಿಯಲ್ಲಿ ಲಾಭ ಹೆಚ್ಚು, ಕಾರ್ಖಾನೆಗಳು ಅತ್ತ ತಿರುಗಿವೆ. 2025ರ ಡಿಸೆಂಬರಿನಲ್ಲಿ ಮೈಕ್ರಾನ್, ಜನಸಾಮಾನ್ಯರಿಗೆ ಮಾರುತ್ತಿದ್ದ ಕ್ರೂಶಿಯಲ್ ವ್ಯಾಪಾರವನ್ನೇ ನಿಲ್ಲಿಸುವುದಾಗಿ ಪ್ರಕಟಿಸಿತು. ಬೆಲೆ ನಾಳೆ ಇಳಿಯುತ್ತದೆ ಎಂದು ಕಾಯುವುದರಲ್ಲಿ ನನಗೆ ನಂಬಿಕೆ ಇಲ್ಲ. ನಾನು 32 ಎಂದು ಹೇಳಿದ್ದರ ಹಿಂದೆ ಈ ಯೋಚನೆಯೂ ಇತ್ತು.

ಬೀದರಿನವರಿಗೆ ಹೈದರಾಬಾದ್ ಹತ್ತಿರ, ನಾವು ಸಿಕಂದರಾಬಾದಿನ ಚೆನಾಯ್ ಟ್ರೇಡ್ ಸೆಂಟರಿಗೆ ಹೋಗಿ ನಾಲ್ಕು ಅಂಗಡಿ ಕೇಳಿ ತರುತ್ತೇವೆ. ಕಲಬುರಗಿಯಿಂದ ಒಂದು ಸ್ಟಿಕ್ಕಿಗಾಗಿ ಅಷ್ಟು ದೂರ ಹೋಗುವುದು ಗಿಟ್ಟುವುದಿಲ್ಲ. ಯಾರಾದರೂ ಹೋಗುವವರಿದ್ದರೆ ಹೇಳಿ ಕಳಿಸಿ.

ಆಳಂದ_ರಸ್ತೆ (ಕಲಬುರಗಿ)

ಬೆಲೆ ಏರಿರುವಾಗ ಬಳಸಿದ ಡಿಡಿಆರ್4 ಸ್ಟಿಕ್ ಕೊಳ್ಳುವುದರಲ್ಲಿ ತಪ್ಪಿಲ್ಲ. ಡಿಡಿಆರ್5ಕ್ಕೆ ಹೋದವರು ಹಳೆಯದನ್ನು ಮಾರುತ್ತಿರುತ್ತಾರೆ. ರ‍್ಯಾಮಿನಲ್ಲಿ ತಿರುಗಿ ಸವೆಯುವ ಭಾಗಗಳಿಲ್ಲ. ಆದರೆ ಕಣ್ಣಿಗೆ ನೋಡಿ ಕೊಳ್ಳಬೇಡ. ಪೆನ್ ಡ್ರೈವಿನಲ್ಲಿ ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86 ಹಾಕಿಕೊಂಡು ಹೋಗಿ, ಅಲ್ಲೇ ಕೂತು ಒಂದು ಸುತ್ತಾದರೂ ಓಡಿಸು. ಒಂದೇ ಒಂದು ತಪ್ಪು ಬಂದರೂ ಬಿಟ್ಟು ಬಾ. ತಪ್ಪಿರುವ ಸ್ಟಿಕ್ ಆಟವನ್ನಷ್ಟೇ ಕೆಡಿಸುವುದಿಲ್ಲ, ನಿನ್ನ ಪ್ರಾಜೆಕ್ಟ್ ಫೈಲುಗಳನ್ನೂ ಸದ್ದಿಲ್ಲದೆ ಕೆಡಿಸುತ್ತದೆ.

ರಿಪೇರಿ_ಮೇಜು (ಕಲಬುರಗಿ)

ನಮ್ಮ ಊರಿನ ಬಿಸಿಲಿನ ಬಗ್ಗೆಯೂ ಒಂದು ಮಾತು. ಡಿರ‍್ಯಾಮ್ ಕೋಶಗಳಲ್ಲಿ ವಿದ್ಯುತ್ತಿನ ಹನಿಯಂಥ ಆವೇಶ ಸೋರುತ್ತಲೇ ಇರುತ್ತದೆ, ಅದನ್ನು ಮತ್ತೆ ಮತ್ತೆ ತುಂಬಬೇಕು. ಚಿಪ್ 85 ಡಿಗ್ರಿ ದಾಟಿದರೆ ಈ ತುಂಬುವ ಕೆಲಸ ದುಪ್ಪಟ್ಟು ಸಲ ನಡೆಯಬೇಕೆಂಬುದು ನಿಯಮ. ಡಿಡಿಆರ್4 ಮನೆಯಲ್ಲಿ ಅಷ್ಟು ಕಾಯುವುದು ಅಪರೂಪ, ಆದರೆ ಮೇ ತಿಂಗಳಲ್ಲಿ ಹೊರಗೆ 42, 43 ಡಿಗ್ರಿ ಇರುವಾಗ ಧೂಳು ತುಂಬಿದ ಕ್ಯಾಬಿನೆಟ್ಟನ್ನು ಗೋಡೆಗೆ ಒತ್ತಿ ಇಟ್ಟರೆ ಒಳಗಿನ ಎಲ್ಲವೂ ಬಳಲುತ್ತದೆ. ಬೇಸಿಗೆಗೆ ಮುಂಚೆ ಒಮ್ಮೆ ಧೂಳು ಊದಿಸು. ಹೊಸ ಸ್ಟಿಕ್ ಹಾಕುವಾಗ ಹಳೆಯದರ ಹೊಳೆಯುವ ಕಾಲುಗಳನ್ನು ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಒರೆಸಿ, ಪುಡಿ ಝಾಡಿಸಿ ಹಾಕು. ವಿದ್ಯುತ್ ತಂತಿಯನ್ನು ಗೋಡೆಯಿಂದ ಕಿತ್ತ ಮೇಲೆಯೇ ಕೈ ಹಾಕು.

ಬಿಸಿಲೂರ_ಹುಡುಗ (ಕಲಬುರಗಿ)

ಎಲ್ಲರಿಗೂ ಒಟ್ಟಿಗೆ ತಿಳಿಸುತ್ತಿದ್ದೇನೆ. ಅದೇ ಮಾದರಿಯ 8 ಜಿಬಿಯ ಬಳಸಿದ ಸ್ಟಿಕ್ ಶಹಾಬಾದಿನ ಒಬ್ಬರ ಬಳಿ ಸಿಕ್ಕಿತು. ಮೆಮ್‌ಟೆಸ್ಟ್‌ನಲ್ಲಿ ತಪ್ಪು ಬರಲಿಲ್ಲ. ಎಕ್ಸ್‌ಎಂಪಿ ಹಾಕಿದೆ, ಈಗ 3200 ತೋರಿಸುತ್ತದೆ. ಪೇಜ್ ಫೈಲ್ ಎಸ್‌ಎಸ್‌ಡಿಗೆ ಬಂತು. ಸೇಂಟ್ ಡೆನಿಸ್‌ನಲ್ಲಿ ಈಗ ಇನ್ ಯೂಸ್ 11.2, ಎಲ್ಲೂ ನಿಲ್ಲಲಿಲ್ಲ. ಆಡುತ್ತಿದ್ದುದು ಇದೇ ಆಟವೇ ಎನ್ನುವಷ್ಟು ಬದಲಾವಣೆ.

ಸೈಬರ್‌ಪಂಕ್‌ನಲ್ಲಿ ಅಕ್ಕ ಹೇಳಿದ ಶೇರ್ಡ್ ಅಂಕಿ ಏರುವುದು ಕಣ್ಣಿಗೇ ಕಂಡಿತು. ರೇ ಟ್ರೇಸಿಂಗ್ ನಿಲ್ಲಿಸಿದೆ, ಅಂಕಿ ಇಳಿಯಿತು.

ಒಂದು ಪ್ರಶ್ನೆ ಉಳಿದಿದೆ. 16 ಆಯಿತಲ್ಲ, ಇನ್ನು ಪೇಜ್ ಫೈಲನ್ನು ಪೂರ್ತಿ ತೆಗೆದುಹಾಕಿದರೆ ವೇಗ ಹೆಚ್ಚುತ್ತದೆ ಎಂದು ಒಬ್ಬರು ಹೇಳಿದರು. ತೆಗೆಯಲೇ?

ರಿಪೇರಿ_ಮೇಜು (ಕಲಬುರಗಿ)

ಬೇಡ ತಮ್ಮಾ, ಹಾಗೇ ಇರಲಿ. ಪೇಜ್ ಫೈಲ್ ತೆಗೆದರೆ ಕಮಿಟೆಡ್ ಮಿತಿ ನಿನ್ನ ರ‍್ಯಾಮಿನಷ್ಟಕ್ಕೇ ಇಳಿಯುತ್ತದೆ. ಆಟಗಳು ಬಳಸುವುದಕ್ಕಿಂತ ಹೆಚ್ಚು ಜಾಗ ಕೇಳಿಟ್ಟುಕೊಳ್ಳುತ್ತವೆ. ರ‍್ಯಾಮಿನಲ್ಲಿ ಇನ್ನೂ ಮೂರು ಜಿಬಿ ಖಾಲಿ ಇದ್ದಾಗಲೂ ಮಿತಿ ಮುಗಿಯಿತೆಂದು ವಿಂಡೋಸ್ ಇಲ್ಲ ಎನ್ನುತ್ತದೆ, ಆಟ ಒಮ್ಮೆಲೇ ಮುಚ್ಚಿಹೋಗುತ್ತದೆ. ಎಸ್‌ಎಸ್‌ಡಿಯಲ್ಲಿ ಇಪ್ಪತ್ತು ಜಿಬಿಯಷ್ಟು ಜಾಗ ಸದಾ ಖಾಲಿ ಇರುವಂತೆ ನೋಡಿಕೋ, ಗಾತ್ರವನ್ನು ವಿಂಡೋಸ್ ತಾನೇ ನೋಡಿಕೊಳ್ಳುತ್ತದೆ.